ಸಂಚಾರಿ ಕುರಿ ಔಷಧ ಸ್ನಾನ ಸೇವೆ: ಯಂತ್ರ, ನಿಯಮ ಮತ್ತು ಲೆಕ್ಕ

ಯಂತ್ರವನ್ನು ತಾನೇ ಕೊಳ್ಳಲಾಗದ ರೈತನ ಹೊಲದ ಬದುವಿಗೇ ಯಂತ್ರವನ್ನು ಕೊಂಡೊಯ್ದು, ಮಾಡಿದ ಕೆಲಸಕ್ಕೆ ತಕ್ಕ ಹಣ ಪಡೆಯುವ ವ್ಯವಹಾರ ನಮ್ಮ ಓದುಗರಿಗೆ ಹೊಸದಲ್ಲ. ಕೊಳವೆಬಾವಿ ಕೊರೆಯುವ ಲಾರಿ, ಭತ್ತದ ಕೊಯ್ಲಿನ ಯಂತ್ರ, ಜೆಸಿಬಿ ಮುಂತಾದವುಗಳ ಮಾಲೀಕರು ಪ್ರತಿ ಜಿಲ್ಲೆಯಲ್ಲಿಯೂ ಇದ್ದಾರೆ. ಇದೇ ಬಗೆಯ, ಆದರೆ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲದ ಒಂದು ವ್ಯವಹಾರವು ಬ್ರಿಟನ್ನಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಬೇಡಿಕೆ ಪಡೆದಿದೆ. ಔಷಧ ಬೆರೆಸಿದ ನೀರಿನ ತೊಟ್ಟಿಯನ್ನು ಗಾಡಿಯ ಮೇಲೆ ಕಟ್ಟಿ, ಊರಿಂದೂರಿಗೆ ಒಯ್ದು, ಕುರಿಗಳನ್ನು ಅದರಲ್ಲಿ ಮುಳುಗಿಸಿ ಮೈಮೇಲಿನ ಪರೋಪಜೀವಿಗಳನ್ನು ನಾಶಪಡಿಸುವ ಗುತ್ತಿಗೆ ಸೇವೆ ಅದು. ಆ ದೇಶದಲ್ಲಿ ಇದನ್ನು ‘ಮೊಬೈಲ್ ಶೀಪ್ ಡಿಪ್ಪಿಂಗ್’ ಎನ್ನುತ್ತಾರೆ. ಅದರ ರಚನೆ, ನಿಯಮ ಹಾಗೂ ಆಯವ್ಯಯವನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ. ಕುರಿಗಳ ಸಂಖ್ಯೆಯಲ್ಲಿ ದೇಶದಲ್ಲೇ ಮುಂಚೂಣಿಯಲ್ಲಿರುವ ನಮ್ಮ ರಾಜ್ಯದ ಸಣ್ಣ ಉದ್ಯಮಿಗಳಿಗೆ ಇದರಿಂದ ತಿಳಿಯಬೇಕಾದದ್ದು ಸಾಕಷ್ಟಿದೆ ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆ

ಕುರಿಗೆ ಕಜ್ಜಿ ತರುವುದು ‘ಸೊರಾಪ್ಟಿಸ್ ಓವಿಸ್’ ಎಂಬ, ಬರಿಗಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನುಸಿ. ಇದು ತಗುಲಿದ ಕುರಿ ಮೈಯನ್ನು ಬೇಲಿಗೆ, ಕಂಬಕ್ಕೆ ಉಜ್ಜಿಕೊಳ್ಳುತ್ತದೆ, ಉಣ್ಣೆ ಕಿತ್ತುಹೋಗುತ್ತದೆ, ಮೇವು ತಿನ್ನುವುದನ್ನು ಬಿಟ್ಟು ತೂಕ ಕಳೆದುಕೊಳ್ಳುತ್ತದೆ, ಚಿಕಿತ್ಸೆಯಿಲ್ಲದಿದ್ದರೆ ಸಾಯುವುದೂ ಉಂಟು. ಕುರಿಯ ಮೈಯಿಂದ ಕೆಳಗೆ ಬಿದ್ದ ನುಸಿ ಬೇಲಿಯಲ್ಲೋ ಗಾಡಿಯ ಹಲಗೆಯಲ್ಲೋ ಸುಮಾರು 16 ದಿನಗಳವರೆಗೆ ಬದುಕಿದ್ದು ಮತ್ತೊಂದು ಕುರಿಗೆ ಹತ್ತಬಲ್ಲದು. ಮಂದೆಯ ಒಂದು ಕುರಿಗೆ ಬಂದರೂ ಇಡೀ ಮಂದೆಗೆ ಚಿಕಿತ್ಸೆ ಕೊಡಬೇಕೆನ್ನುವುದು ಇದೇ ಕಾರಣಕ್ಕೆ.

ಔಷಧ ಸ್ನಾನವನ್ನು ಒಂದು ಉದ್ಯಮವಾಗಿ ಬೆಳೆಸಿದವನು ಇಂಗ್ಲೆಂಡಿನ ಬರ್ಕ್‌ಹ್ಯಾಮ್‌ಸ್ಟೆಡ್ ಪಟ್ಟಣದ ಪಶುವೈದ್ಯ ವಿಲಿಯಂ ಕೂಪರ್. ಆತ 1852ರಲ್ಲಿ ಶಂಖಪಾಷಾಣ ಮತ್ತು ಗಂಧಕ ಸೇರಿಸಿದ ಪುಡಿಯೊಂದನ್ನು ತಯಾರಿಸಿ ಮಾರಿದ. ನೀರಿಗೆ ಬೆರೆಸಿ ಬಳಸುವ ಆ ಪುಡಿ ಮುಂದೆ ಕುರಿ ಸಾಕುವ ಹಲವು ದೇಶಗಳಿಗೆ ರಫ್ತಾಯಿತು. ಸರ್ಕಾರದ ಕಡ್ಡಾಯ ಸ್ನಾನದ ನೀತಿಯಿಂದ 1952ರ ಹೊತ್ತಿಗೆ ಬ್ರಿಟನ್ನಿನಿಂದ ಕಜ್ಜಿ ನಿರ್ಮೂಲವಾಗಿತ್ತು. 1973ರಲ್ಲಿ ಅದು ಮರಳಿ ಕಾಣಿಸಿಕೊಂಡಾಗ ಕಡ್ಡಾಯ ಸ್ನಾನವೂ ಮರಳಿತು. 1992ರಲ್ಲಿ ಸರ್ಕಾರ ಆ ಕಡ್ಡಾಯವನ್ನು ತೆಗೆದುಹಾಕಿತು. ಅಲ್ಲಿಂದಾಚೆಗೆ ರೋಗ ವ್ಯಾಪಕವಾಗಿ ಹರಡಿದೆ.

ಕಡ್ಡಾಯ ಹೋದ ಮೇಲೆ ರೈತರು ಚುಚ್ಚುಮದ್ದಿನತ್ತ ತಿರುಗಿದರು. ಐವರ್‌ಮೆಕ್ಟಿನ್, ಡೊರಾಮೆಕ್ಟಿನ್, ಮಾಕ್ಸಿಡೆಕ್ಟಿನ್ ಗುಂಪಿನ ಈ ಚುಚ್ಚುಮದ್ದುಗಳಿಗೆ ತೊಟ್ಟಿ ಬೇಡ, ಹೆಚ್ಚು ಆಳುಗಳು ಬೇಡ, ಬಳಸಿದ ನೀರನ್ನು ಚೆಲ್ಲುವ ತಾಪತ್ರಯವೂ ಇಲ್ಲ. ಹೊಲಗಳಲ್ಲಿದ್ದ ಹಳೆಯ ಸಿಮೆಂಟ್ ತೊಟ್ಟಿಗಳು ಪಾಳುಬಿದ್ದವು. ಆದರೆ ಈ ಗುಂಪಿನ ಔಷಧಗಳಿಗೆ ಬಗ್ಗದ ನುಸಿಗಳು 2017–18ರ ವೇಳೆಗೆ ವೇಲ್ಸ್ ಮತ್ತು ನೈಋತ್ಯ ಇಂಗ್ಲೆಂಡಿನಲ್ಲಿ ಪತ್ತೆಯಾದವು. ಉಳಿದ ದಾರಿ ಡಯಾಜಿನಾನ್ ಎಂಬ ಆರ್ಗನೋಫಾಸ್ಫೇಟ್ ಔಷಧದ ಸ್ನಾನವೊಂದೇ. ತೊಟ್ಟಿಯಿಲ್ಲದ ರೈತನಿಗೆ ತೊಟ್ಟಿ ಬೇಕಾಯಿತು. ಗಾಡಿಯ ಮೇಲೆ ತೊಟ್ಟಿ ತರುವ ಗುತ್ತಿಗೆದಾರನಿಗೆ ಮತ್ತೆ ಕೆಲಸ ಹುಟ್ಟಿದ್ದು ಹೀಗೆ. ವೇಲ್ಸ್ ಸರ್ಕಾರದ ನೆರವಿನಿಂದ 2023ರಲ್ಲಿ ಆರಂಭವಾದ ‘ಗ್ವರೆಡಿ ಸ್ಕ್ಯಾಬ್’ ಎಂಬ ಕಜ್ಜಿ ನಿರ್ಮೂಲನ ಯೋಜನೆಯಲ್ಲಿಯೂ ರೋಗವಿರುವ ಮಂದೆಗಳಿಗೆ ಸ್ನಾನ ಮಾಡಿಸುವವರು ಸಂಚಾರಿ ಗುತ್ತಿಗೆದಾರರೇ.

ಯಂತ್ರದ ರಚನೆ

ನೋಡಲು ಇದು ಸರಳ ಯಂತ್ರ. ಟ್ರೇಲರ್ ಅಡಿಗಟ್ಟು, ಅದರ ಮೇಲೆ ಉಕ್ಕಿನ ಅಥವಾ ಫೈಬರ್ ಗಾಜಿನ ತೊಟ್ಟಿ, ಕುರಿಗಳು ಹತ್ತಿಬರುವ ಇಳಿಜಾರು ಹಲಗೆ, ಹೈಡ್ರಾಲಿಕ್ ಶಕ್ತಿಯಿಂದ ಮೇಲೇರಿ ಕೆಳಗಿಳಿಯುವ ಪಂಜರ, ಸ್ನಾನ ಮುಗಿದ ಕುರಿ ನೀರು ಸೋರಿಸಿಕೊಳ್ಳಲು ನಿಲ್ಲುವ ಕಟಾಂಜನ. ಕುರಿಗಳು ಗುಂಪಾಗಿ ಪಂಜರಕ್ಕೆ ಬಂದ ಮೇಲೆ ಬಾಗಿಲು ಹಾಕಿ ಪಂಜರವನ್ನು ಇಳಿಸುತ್ತಾರೆ. ಬೆಲೆಯಲ್ಲಿ ಮಾತ್ರವಲ್ಲದೆ ಗುಣದಲ್ಲಿಯೂ ಒಂದು ಯಂತ್ರವನ್ನು ಮತ್ತೊಂದರಿಂದ ಬೇರ್ಪಡಿಸುವುದು ಕೆಲವು ಸಣ್ಣ ಅಂಶಗಳು. ತಯಾರಕ ಮಿತ್ರರು ಗಮನಿಸಬೇಕಾದ್ದು ಅವುಗಳನ್ನೇ.

ಮೊದಲನೆಯದಾಗಿ, ತೊಟ್ಟಿಯ ಒಳಗೋಡೆಯ ಮೇಲೆ ಅಳತೆಯ ಗೆರೆಗಳು ಅಳಿಯದಂತೆ ಇರಬೇಕು. ಔಷಧದ ಪ್ರಮಾಣವೆಲ್ಲ ತೊಟ್ಟಿಯಲ್ಲಿರುವ ನೀರಿನ ಲೀಟರ್ ಲೆಕ್ಕವನ್ನು ಅವಲಂಬಿಸಿದೆ. 1,500 ಲೀಟರ್ ಎಂದುಕೊಂಡ ತೊಟ್ಟಿ ವಾಸ್ತವದಲ್ಲಿ 1,800 ಲೀಟರ್ ಹಿಡಿಯುವುದಾದರೆ ಔಷಧದ ಸಾಂದ್ರತೆ ಉದ್ದೇಶಿಸಿದ್ದಕ್ಕಿಂತ ಆರನೆಯ ಒಂದು ಭಾಗ ಕಡಿಮೆಯಾಗುತ್ತದೆ. ನುಸಿ ಸಾಯುವುದಿಲ್ಲ, ಔಷಧಕ್ಕೆ ಒಗ್ಗಿಕೊಳ್ಳುವ ಅವಕಾಶ ಮಾತ್ರ ಅದಕ್ಕೆ ದೊರೆಯುತ್ತದೆ. ತಿಳಿದ ಅಳತೆಯ ಪಾತ್ರೆಯಿಂದಲೋ ನೀರಿನ ಮೀಟರಿನಿಂದಲೋ ತುಂಬಿಸಿ, ಗಾಡಿ ಮಟ್ಟಸವಾಗಿ ನಿಂತಿರುವಾಗಲೇ ಗೆರೆ ಎಳೆಯಬೇಕು.

ಎರಡನೆಯದು, ಕುರಿಯ ಮೈಯಿಂದ ಸೋರುವ ನೀರೆಲ್ಲವೂ ತೊಟ್ಟಿಗೇ ಮರಳುವಂತೆ ಕಟಾಂಜನದ ನೆಲಕ್ಕೆ ಇಳುಕಲು ಇರಬೇಕು. ಇದು ಉಳಿತಾಯದ ವಿಷಯ ಮಾತ್ರವಲ್ಲ. ಹೊರಗೆ ಬಿದ್ದ ಪ್ರತಿ ಹನಿಯೂ ಮಣ್ಣಿಗೆ, ಹಳ್ಳಕ್ಕೆ ಸೇರುವ ವಿಷ. ನೀರು ತುಂಬಿಸುವ ಕೊಳವೆಯ ಬಾಯಿ ತೊಟ್ಟಿಯ ನೀರಿನಲ್ಲಿ ಮುಳುಗಿರಕೂಡದು. ಮುಳುಗಿದ್ದರೆ ಒತ್ತಡ ಇಳಿದಾಗ ತೊಟ್ಟಿಯ ನೀರು ಕುಡಿಯುವ ನೀರಿನ ಜಾಲಕ್ಕೆ ಹಿಮ್ಮುಖವಾಗಿ ಹೀರಿಕೊಂಡು ಹೋಗಬಹುದು. ಕೆಲಸಗಾರ ನಿಲ್ಲುವ ಕಡೆ ಎದೆಯೆತ್ತರದ ಸಿಡಿತಡೆ ಹಲಗೆ ಅಗತ್ಯ. ಇನ್ನು ತುಂಬಿದ ತೊಟ್ಟಿಯೊಂದಿಗೆ ರಸ್ತೆಯಲ್ಲಿ ಸಾಗುವ ಮಾತೇ ಇಲ್ಲ. ಒಂದೂವರೆ ಟನ್ ನೀರು ತಿರುವಿನಲ್ಲಿ ಒಂದು ಬದಿಗೆ ಹೊಯ್ದಾಡಿದರೆ ಟ್ರೇಲರ್ ಮಗುಚುತ್ತದೆ.

ಕೆಲಸದ ಶಿಸ್ತು

ಪ್ರತಿ ಕುರಿಯೂ ಔಷಧದ ನೀರಿನಲ್ಲಿ ಪೂರ್ತಿ ಒಂದು ನಿಮಿಷ ಇರಬೇಕು. ಆ ಅವಧಿಯಲ್ಲಿ ತಲೆಯೂ ಎರಡು ಬಾರಿ ಮುಳುಗಬೇಕು, ಏಕೆಂದರೆ ಕಿವಿಯೊಳಗೆ ಉಳಿದ ನುಸಿಯಿಂದಲೇ ರೋಗ ಮರುಕಳಿಸುತ್ತದೆ. ಗಡಿಯಾರ ನೋಡಿ ಎಣಿಸಬೇಕಾದ ಈ ಒಂದು ನಿಮಿಷವೇ ದಿನದ ದುಡಿಮೆಯ ಮಿತಿಯನ್ನು ನಿರ್ಧರಿಸುತ್ತದೆ. ಅದನ್ನು ಅರ್ಧ ನಿಮಿಷಕ್ಕೆ ಇಳಿಸಿದರೆ ದಿನಕ್ಕೆ ಹೆಚ್ಚು ಕುರಿ ಮುಗಿಯುತ್ತವೆ, ಬಿಲ್ಲಿನ ಮೊತ್ತವೂ ಏರುತ್ತದೆ. ಆರು ವಾರಗಳ ನಂತರ ಕಜ್ಜಿ ಮರಳಿದಾಗ ಆ ಗುತ್ತಿಗೆದಾರನ ಹೆಸರು ತಾಲ್ಲೂಕಿನಲ್ಲೆಲ್ಲ ಹರಡಿರುತ್ತದೆ.

ಮುಳುಗಿಸುವ ಬದಲು ಮೇಲಿನಿಂದ ಸಿಂಪಡಿಸುವ ‘ಶವರ್’ ಯಂತ್ರಗಳೂ ಇವೆ. ಅವು ಅಗ್ಗ, ನೀರೂ ಕಡಿಮೆ ಸಾಕು. ಆದರೆ ಡಯಾಜಿನಾನ್ ಔಷಧಕ್ಕೆ ಅಲ್ಲಿ ಅನುಮತಿ ದೊರೆತಿರುವುದು ಮುಳುಗಿಸುವ ಸ್ನಾನಕ್ಕೆ ಮಾತ್ರ. ಸಿಂಪಡಣೆಯಲ್ಲಿ ದಟ್ಟ ಉಣ್ಣೆಯ ಬುಡದ ಚರ್ಮಕ್ಕೆ ಔಷಧ ತಲುಪುವುದಿಲ್ಲ. ಕಜ್ಜಿಯ ನುಸಿ ಇರುವುದು ಅಲ್ಲಿಯೇ. ಕುರಿಗಳ ಪರೋಪಜೀವಿ ನಿಯಂತ್ರಣದ ಬಗ್ಗೆ ಸಲಹೆ ನೀಡುವ ಅಲ್ಲಿನ ‘ಸ್ಕಾಪ್ಸ್’ ಎಂಬ ಉದ್ಯಮ ಕೂಟವು ಶವರ್ ಬಳಸಬಾರದೆಂದು ಸ್ಪಷ್ಟವಾಗಿ ಹೇಳುತ್ತ ಬಂದಿದೆ. ಅಗ್ಗದ ಯಂತ್ರ ಕೊಂಡವನು ತನ್ನ ಬಂಡವಾಳದ ಜೊತೆಗೆ, ಉಳಿದಿರುವ ಒಂದೇ ಪರಿಣಾಮಕಾರಿ ಔಷಧವನ್ನೂ ಪಣಕ್ಕಿಟ್ಟಂತೆ.

ವ್ಯಾಪಾರಿ ಓದುಗರಿಗೆ ವಿಚಿತ್ರವೆನಿಸಬಹುದಾದ ಒಂದು ವಿಷಯವಿದೆ. ಔಷಧಕ್ಕೆ ನೀರಿಗಿಂತ ಉಣ್ಣೆಯ ಜಿಡ್ಡಿನ ಮೇಲೆ ಒಲವು ಹೆಚ್ಚು. ಕುರಿ ತೊಟ್ಟಿಯಿಂದ ಹೊರಬರುವಾಗ ತಾನು ಹೊತ್ತೊಯ್ಯುವ ನೀರಿಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚಿನ ಔಷಧವನ್ನು ಕೊಂಡೊಯ್ಯುತ್ತದೆ. ತೊಟ್ಟಿಯಲ್ಲಿ ನೀರು ಧಾರಾಳವಾಗಿ ಉಳಿದಂತೆ ಕಂಡರೂ ಅದರ ಬಲ ಕುಗ್ಗಿರುತ್ತದೆ. ಆದ್ದರಿಂದ ನಿಗದಿತ ಸಂಖ್ಯೆಯ ಕುರಿಗಳು ಮುಗಿದೊಡನೆ, ಮೊದಲು ಬೆರೆಸಿದ್ದಕ್ಕಿಂತ ಹೆಚ್ಚು ಸಾಂದ್ರತೆಯಲ್ಲಿ ಔಷಧವನ್ನು ಮರುಭರ್ತಿ ಮಾಡಬೇಕು. ಕೊಳೆ ಮಿತಿ ಮೀರಿದಾಗ ಪೂರ್ತಿ ನೀರನ್ನು ಬದಲಿಸಬೇಕು. ಈ ಲೆಕ್ಕವನ್ನೆಲ್ಲ ಔಷಧದ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಕುರಿ ಎಣಿಸುವವನೊಬ್ಬ, ಬರೆದಿಡುವ ಪುಸ್ತಕವೊಂದು ಇಲ್ಲದೆ ಈ ಕೆಲಸ ನಡೆಯದು.

ಮತ್ತೊಂದು ನಿಷಿದ್ಧವೆಂದರೆ, ಒಂದು ಹೊಲದಲ್ಲಿ ಬಳಸಿದ ನೀರನ್ನು ಮುಂದಿನ ಹೊಲಕ್ಕೆ ಒಯ್ಯುವುದು. ಸಗಣಿ, ಮಣ್ಣು ಬೆರೆತು ನಿಂತ ಹಳೆಯ ನೀರಿನಲ್ಲಿ ‘ಎರಿಸಿಪೆಲೊಥ್ರಿಕ್ಸ್’ ಎಂಬ ಸೂಕ್ಷ್ಮಜೀವಿ ಬೆಳೆಯುತ್ತದೆ. ಚರ್ಮದ ಗೀರುಗಳ ಮೂಲಕ ಅದು ಒಳಸೇರಿ, ಸ್ನಾನವಾದ ಕೆಲವೇ ದಿನಗಳಲ್ಲಿ ಕುರಿಗಳು ಸಾಲುಸಾಲಾಗಿ ಕುಂಟತೊಡಗುತ್ತವೆ. ಬಾಯಾರಿದ, ದಣಿದ, ಹೊಟ್ಟೆ ಬಿರಿಯ ಮೇದ ಅಥವಾ ಮೈ ಒದ್ದೆಯಾದ ಕುರಿಗಳನ್ನೂ ಸ್ನಾನಕ್ಕಿಳಿಸುವಂತಿಲ್ಲ.

ಕೆಲಸಗಾರರ ಆರೋಗ್ಯ

ಆರ್ಗನೋಫಾಸ್ಫೇಟ್‌ಗಳು ನುಸಿಯ ನರವ್ಯೂಹವನ್ನು ಕೆಡಿಸುವ ಬಗೆಯಲ್ಲಿಯೇ ಮನುಷ್ಯನ ನರವ್ಯೂಹವನ್ನೂ ಕೆಡಿಸಬಲ್ಲವು. ಕಡ್ಡಾಯ ಸ್ನಾನದ ಕಾಲದಲ್ಲಿ ಈ ಔಷಧ ಬಳಸಿದ ಅನೇಕ ಬ್ರಿಟಿಷ್ ರೈತರು ತಲೆನೋವು, ನಿಶ್ಶಕ್ತಿ, ದೀರ್ಘಕಾಲದ ನರದೌರ್ಬಲ್ಯಗಳಿಂದ ಬಳಲಿರುವುದಾಗಿ ದೂರಿದರು; ಅವರ ಹೋರಾಟ ದಶಕಗಳ ಕಾಲ ನಡೆಯಿತು. ಅತ್ಯಂತ ಅಪಾಯದ ಗಳಿಗೆ ನೀರು ಬೆರೆಸದ ಔಷಧದ ಡಬ್ಬಿ ತೆರೆದು ಸುರಿಯುವಾಗಿನದು. 1999ರ ಕೊನೆಯಲ್ಲಿ ಇಂಥ ಔಷಧಗಳನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡು, ಕೈಗೆ ತಾಗದಂಥ ಡಬ್ಬಿಗಳನ್ನು ರೂಪಿಸಿದ ಬಳಿಕವೇ ಮರಳಿ ಮಾರಲು ಬಿಟ್ಟರು. ಪ್ರಮಾಣಪತ್ರ ಹೊಂದಿದವರು ಅಥವಾ ಅಂಥವರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವವರು ಮಾತ್ರ ಇದನ್ನು ಬಳಸಬಹುದು. ರಬ್ಬರ್ ಬೂಟು, ಉದ್ದ ಕೈಗವಸು, ನೀರು ಹೀರದ ಮೇಲಂಗಿ, ಮುಖಕವಚಗಳ ಖರ್ಚನ್ನು ‘ಇತರೆ ವೆಚ್ಚ’ದ ಮೂಲೆಗೆ ಸೇರಿಸದೆ, ಪ್ರತಿದಿನದ ನೇರ ವೆಚ್ಚವೆಂದೇ ಪರಿಗಣಿಸಬೇಕು. ಗುತ್ತಿಗೆದಾರನ ಆಳು ವರ್ಷಕ್ಕೊಮ್ಮೆ ಈ ನೀರಿನ ಬಳಿ ನಿಲ್ಲುವ ರೈತನಲ್ಲ. ಹಂಗಾಮಿನುದ್ದಕ್ಕೂ ದಿನವೂ ನಿಲ್ಲುವವನು.

ಉಳಿದ ನೀರು ಯಾರದು?

ನನ್ನ ದೃಷ್ಟಿಯಲ್ಲಿ ಈ ವ್ಯವಹಾರದ ಜೀವಾಳವಾದ ಪ್ರಶ್ನೆ ಇದು. ಸ್ನಾನ ಮುಗಿದ ಮೇಲೆ ತೊಟ್ಟಿಯಲ್ಲಿ ಸಾವಿರಾರು ಲೀಟರ್ ವಿಷಮಿಶ್ರಿತ ನೀರು ಉಳಿದಿರುತ್ತದೆ. ಇಂಗ್ಲೆಂಡಿನಲ್ಲಿ ಅದನ್ನು ಭೂಮಿಯ ಮೇಲೆ ಹರಡಲು ಪರಿಸರ ಸಂಸ್ಥೆಯ ಪರವಾನಗಿ ಬೇಕು. ಒಂದು ಪಾಲು ಬಳಸಿದ ನೀರಿಗೆ ಮೂರು ಪಾಲು ಶುದ್ಧ ನೀರು ಅಥವಾ ಸಗಣಿ ನೀರು ಬೆರೆಸಿ, ಹೆಕ್ಟೇರಿಗೆ 20,000 ಲೀಟರ್ ಮೀರದಂತೆ ಹರಡುವುದು ಅಲ್ಲಿಯ ರೂಢಿಯ ಮಿತಿ. ಅಂದರೆ 1,500 ಲೀಟರ್ ಉಳಿದರೆ ಬೆರಕೆಯ ನಂತರ 6,000 ಲೀಟರ್ ಆಗುತ್ತದೆ. ಅದಕ್ಕೆ ಬೇಕಾಗುವ ಭೂಮಿ 0.3 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 30 ಗುಂಟೆ. ಹಳ್ಳ, ಬಾವಿಗಳಿಂದ ದೂರವಿರುವ ಭೂಮಿಯೇ ಆಗಬೇಕು.

ಇದರ ಗಂಭೀರತೆಗೆ ಸೈಪರ್‌ಮೆಥ್ರಿನ್ ಸ್ನಾನದ ಔಷಧಗಳ ಇತಿಹಾಸವೇ ಸಾಕ್ಷಿ. ಮನುಷ್ಯನಿಗೆ ಆರ್ಗನೋಫಾಸ್ಫೇಟಿಗಿಂತ ಕಡಿಮೆ ಅಪಾಯಕಾರಿ ಎಂದು ಅವು ಬಳಕೆಗೆ ಬಂದವು. ಆದರೆ ತೊರೆಗಳ ಜಲಕೀಟಗಳಿಗೆ ಅವು ಅತಿ ಘೋರವೆಂದು ತಿಳಿದು, 2006ರಲ್ಲಿ ಬ್ರಿಟನ್ನಿನಲ್ಲಿ ಮಾರಾಟವನ್ನು ಅಮಾನತುಗೊಳಿಸಲಾಯಿತು. 2010ರಲ್ಲಿ ಪೂರ್ತಿಯಾಗಿ ಹಿಂತೆಗೆದುಕೊಳ್ಳಲಾಯಿತು. ಚೆಲ್ಲಿದ ನೀರಿನಿಂದಾಗಿ ಒಂದು ಔಷಧವೇ ಕೈತಪ್ಪಿತು. ಕೆಲಸ ಒಪ್ಪಿಕೊಳ್ಳುವ ಮೊದಲೇ ಉಳಿಕೆ ನೀರು ಯಾರ ಹೊಣೆ, ಪರವಾನಗಿ ಯಾರ ಹೆಸರಿನಲ್ಲಿದೆ, ಎಲ್ಲಿ ಹರಡಬೇಕು ಎಂಬುದನ್ನು ಗುತ್ತಿಗೆದಾರ ಲಿಖಿತದಲ್ಲಿ ಪಡೆಯಬೇಕೆನ್ನುವುದು ಇದಕ್ಕಾಗಿಯೇ.

ದರ ನಿಗದಿಯ ಲೆಕ್ಕ

ಈಗ ನನ್ನ ವೃತ್ತಿಗೆ ಹತ್ತಿರವಾದ ಭಾಗ. ಕೆಳಗಿನ ಅಂಕಿಗಳು ವಿವರಣೆಗಾಗಿ ಊಹಿಸಿದವು. ಮಾರುಕಟ್ಟೆಯ ದರಗಳೆಂದು ಭಾವಿಸಬಾರದು.

ಯಂತ್ರದ ಬೆಲೆ 40,000 ಪೌಂಡ್, ಹತ್ತು ವರ್ಷದ ಬಳಿಕ ಮರುಮಾರಾಟದ ಮೌಲ್ಯ 10,000 ಪೌಂಡ್ ಎಂದಿಟ್ಟುಕೊಳ್ಳೋಣ. ವಾರ್ಷಿಕ ಸವಕಳಿ 3,000, ಬಡ್ಡಿ 2,800, ಎಳೆಯುವ ವಾಹನದ ಪಾಲು 5,000, ವಿಮೆ, ತರಬೇತಿ ಮತ್ತು ದುರಸ್ತಿ 3,200. ಒಟ್ಟು ಸ್ಥಿರ ವೆಚ್ಚ 14,000 ಪೌಂಡ್. ಯಂತ್ರ ಹೊರಟ ದಿನದ ಕೂಲಿ, ಇಂಧನ, ಕೈಗವಸು ಇತ್ಯಾದಿ ಸೇರಿ 380 ಪೌಂಡ್. ಔಷಧದ ಬೆಲೆಯನ್ನು ರೈತನಿಂದ ಪ್ರತ್ಯೇಕವಾಗಿ ಪಡೆಯಲಾಗುತ್ತದೆ. ಒಂದು ಸಲಕ್ಕೆ 12 ಕುರಿ, ಹತ್ತಿಸಿ ಮುಳುಗಿಸಿ ಸೋರಿಸಲು ಒಟ್ಟು ಐದು ನಿಮಿಷ ಎಂದರೆ ಗಂಟೆಗೆ 144. ಏಳು ಗಂಟೆ ದುಡಿದರೆ ಸುಮಾರು 1,000 ಕುರಿ.

ಕುರಿಗೆ 90 ಪೆನ್ಸ್‌ನಂತೆ ಒಂದೇ ದರ ಇಟ್ಟವನ ಸ್ಥಿತಿ ನೋಡಿ. 1,000 ಕುರಿಗಳ ದೊಡ್ಡ ಮಂದೆಯ ದಿನ ಆತನಿಗೆ 900 ಪೌಂಡ್ ಬರುತ್ತದೆ, ದಿನದ ವೆಚ್ಚ ಕಳೆದು 520 ಮಿಗುತ್ತದೆ. ಇಂಥ 27 ದಿನಗಳು ದೊರೆತರೆ ಸ್ಥಿರ ವೆಚ್ಚ ತೀರಿತು. ಆದರೆ 200 ಕುರಿಗಳ ಎರಡು ಸಣ್ಣ ಮಂದೆಗಳ ದಿನ? ಪ್ರಯಾಣ, ನೀರು ತುಂಬಿಸುವುದು, ಯಂತ್ರ ತೊಳೆಯುವುದು ಎರಡೆರಡು ಬಾರಿ. ಬರುವುದು 360 ಪೌಂಡ್, ಖರ್ಚು 380. ದಿನವಿಡೀ ದುಡಿದು 20 ಪೌಂಡ್ ಕೈಯಿಂದ ಹಾಕಬೇಕು. ಸ್ಥಿರ ವೆಚ್ಚಕ್ಕೆ ಬಿಡಿಗಾಸೂ ಸೇರಲಿಲ್ಲ.

ಇದಕ್ಕೆ ಪರಿಹಾರ ಎರಡು ಭಾಗಗಳ ದರ. ಪ್ರತಿ ಹೊಲಕ್ಕೆ ಬಂದು ನಿಂತದ್ದಕ್ಕೆ 150 ಪೌಂಡ್, ಆ ಮೇಲೆ ಕುರಿಗೆ 60 ಪೆನ್ಸ್ ಎಂದಿಡೋಣ. ದೊಡ್ಡ ಮಂದೆಯ ದಿನ 750 ಬಂದು 370 ಮಿಗುತ್ತದೆ. ಎರಡು ಸಣ್ಣ ಮಂದೆಗಳ ದಿನ 540 ಬಂದು 160 ಮಿಗುತ್ತದೆ. ಹಂಗಾಮಿನಲ್ಲಿ 60 ದಿನ ಕೆಲಸ ಸಿಕ್ಕಿ, ಅದರಲ್ಲಿ 40 ದಿನ ದೊಡ್ಡ ಮಂದೆಗಳಾದರೆ ಒಂದೇ ದರದಲ್ಲಿ 6,400 ಪೌಂಡ್ ಲಾಭ, ಎರಡು ಭಾಗದ ದರದಲ್ಲಿ 4,000 ಮಾತ್ರ. ಆದರೆ ದೊಡ್ಡ ಮಂದೆಗಳ ದಿನ 15ಕ್ಕೆ ಇಳಿದು ಸಣ್ಣವು 45 ಆದರೆ, ಒಂದೇ ದರದವನಿಗೆ 7,100 ಪೌಂಡ್ ನಷ್ಟ. ಎರಡು ಭಾಗದವನ ನಷ್ಟ 1,250ಕ್ಕೆ ನಿಲ್ಲುತ್ತದೆ. ತನ್ನ ಸುತ್ತಲ ಮೂವತ್ತು ಮೈಲಿಯಲ್ಲಿ ಯಾವ ಗಾತ್ರದ ಮಂದೆಗಳಿವೆ ಎಂದು ಎಣಿಸದೆ ದರಪಟ್ಟಿ ಅಚ್ಚು ಹಾಕಿಸುವುದು ತರವಲ್ಲ. ಬಾಡಿಗೆ ಯಂತ್ರಗಳ ಲೆಕ್ಕಪತ್ರಗಳನ್ನು ನೋಡುತ್ತ ಬಂದಿರುವ ನನಗೆ, ಯಂತ್ರ ನಿಂತ ದಿನಗಳಿಗಿಂತ ಓಡಿಯೂ ಗಳಿಸದ ದಿನಗಳೇ ಮಾಲೀಕರನ್ನು ಹೆಚ್ಚಾಗಿ ಸಾಲಕ್ಕೆ ತಳ್ಳುವುದು ಕಂಡುಬಂದಿದೆ.

ಔಷಧದ ಬಿಲ್ಲಿಗೂ ಇದೇ ತರ್ಕ. ತೊಟ್ಟಿ ಮೊದಲ ಬಾರಿ ತುಂಬಲು ಬೇಕಾಗುವ ಔಷಧ 100 ಕುರಿಗೂ ಅಷ್ಟೆ, 500 ಕುರಿಗೂ ಅಷ್ಟೆ. ಅದನ್ನು ಕುರಿಯ ತಲೆಯೆಣಿಕೆಗೆ ಹಂಚಿದರೆ ಸಣ್ಣ ರೈತನ ಹೊಲದಲ್ಲಿ ಗುತ್ತಿಗೆದಾರನೇ ನಷ್ಟ ಹೊರುತ್ತಾನೆ. ಮೊದಲ ಭರ್ತಿ ಮತ್ತು ಮರುಭರ್ತಿಗಳನ್ನು ಬಿಲ್ಲಿನಲ್ಲಿ ಬೇರೆಬೇರೆ ಸಾಲಿನಲ್ಲಿ ತೋರಿಸುವುದು ಉತ್ತಮ. ನೆರೆಹೊರೆಯ ರೈತರು ಮಾತಾಡಿಕೊಂಡು ಒಂದೇ ವಾರದಲ್ಲಿ, ತಮ್ಮ ತಮ್ಮ ಹೊಲಗಳಲ್ಲಿಯೇ ಸ್ನಾನ ಮಾಡಿಸಿದರೆ ಪ್ರಯಾಣದ ವೆಚ್ಚವೂ ಇಳಿಯುತ್ತದೆ, ಬೇಲಿಯಾಚೆಯಿಂದ ಕಜ್ಜಿ ಮರಳುವುದೂ ತಪ್ಪುತ್ತದೆ. ಮೊರೆಡನ್ ಸಂಶೋಧನಾ ಸಂಸ್ಥೆ ರೂಪಿಸಿದ ರಕ್ತಪರೀಕ್ಷೆಯು ಕುರಿ ಮೈ ಉಜ್ಜತೊಡಗುವ ಮೊದಲೇ, ಸೋಂಕಾದ ಎರಡು ವಾರಗಳಲ್ಲಿ ಕಜ್ಜಿಯನ್ನು ತೋರಿಸಬಲ್ಲದಾದ್ದರಿಂದ ಇಂಥ ಒಗ್ಗಟ್ಟಿನ ಯೋಜನೆ ಸುಲಭವಾಗಿದೆ.

ನಮ್ಮಲ್ಲಿ

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು; 2012ರಲ್ಲಿ ಸುಮಾರು 96 ಲಕ್ಷ. ತೆಲಂಗಾಣ, ಆಂಧ್ರಪ್ರದೇಶಗಳ ನಂತರದ ಸ್ಥಾನ ನಮ್ಮದು. ಆದರೆ ಅಲ್ಲಿಯ ಯಂತ್ರವನ್ನು ಯಥಾವತ್ತಾಗಿ ಇಲ್ಲಿಗೆ ತರಲಾಗದು. ಡಯಾಜಿನಾನ್ ನಮ್ಮ ದೇಶದಲ್ಲಿ 2018ರ ಕೇಂದ್ರ ಆದೇಶದಂತೆ ನಿಷೇಧಿತ ಕೀಟನಾಶಕಗಳ ಪಟ್ಟಿಯಲ್ಲಿದೆ. ನಮ್ಮ ಪಶುವೈದ್ಯರು ಉಣ್ಣಿ, ಹೇನುಗಳಿಗೆ ಸಾಮಾನ್ಯವಾಗಿ ಸೂಚಿಸುವುದು ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಅಥವಾ ಅಮಿಟ್ರಾಜ್. ಇವುಗಳಲ್ಲಿ ಮೊದಲೆರಡು ಮೀನಿಗೆ ಮಾರಕ. ಕೆರೆಯಂಗಳದಲ್ಲಿ ಕುರಿ ತೊಳೆಯುವ ರೂಢಿಯಿರುವ ಕಡೆ ಉಳಿಕೆ ನೀರಿನ ಪ್ರಶ್ನೆ ಇಂಗ್ಲೆಂಡಿಗಿಂತ ಹೆಚ್ಚು ಕಠಿಣ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿನಲ್ಲಿ ಒಂದೂವರೆ ಸಾವಿರ ಲೀಟರ್ ಹೊಂದಿಸುವುದೂ ಸುಲಭವಲ್ಲ.

ಬೆಳಗಾವಿ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ, ಚಿತ್ರದುರ್ಗ ಸೀಮೆಯ ಕುರಿಗಾಹಿಗಳು ವರ್ಷದ ಹಲವು ತಿಂಗಳು ವಲಸೆಯಲ್ಲಿರುತ್ತಾರೆ. ಗೊಬ್ಬರಕ್ಕಾಗಿ ರೈತರ ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಾರೆ. ಯಂತ್ರ ಅವರನ್ನು ಹುಡುಕಿಕೊಂಡು ಹೋಗುವುದಕ್ಕಿಂತ, ಉಣ್ಣೆ ಕತ್ತರಿಸುವ ದಿನಗಳಲ್ಲಿ ಅವರು ಊರಿನಲ್ಲಿರುವಾಗ ತಲುಪುವುದು ಲೆಕ್ಕಕ್ಕೆ ಸರಿಹೊಂದೀತು. ಮೈ ಬೋಳಾದಾಗ ಔಷಧವೂ ಕಡಿಮೆ ಸಾಕು. ಆದರೆ ಕತ್ತರಿಯ ಗಾಯಗಳು ಮಾಯುವವರೆಗೆ ಕಾಯಬೇಕು. ಟ್ರ್ಯಾಕ್ಟರ್ ಟ್ರೇಲರ್ ಮೇಲೆ, ಟ್ರ್ಯಾಕ್ಟರಿನದೇ ಹೈಡ್ರಾಲಿಕ್ ಶಕ್ತಿಯಿಂದ ಇಳಿಯುವ ಸಣ್ಣ ಪಂಜರವನ್ನು ರೂಪಿಸಲು ಬೇಕಾದ ಫೌಂಡ್ರಿ ಹಾಗೂ ಹೈಡ್ರಾಲಿಕ್ ಪರಿಣತಿ ಬೆಳಗಾವಿ, ಹುಬ್ಬಳ್ಳಿಗಳಲ್ಲಿಯೇ ಇದೆ. ಬಿಡಿ ಕುರಿಗಾಹಿಗಿಂತ ಕುರಿ ಸಾಕಾಣಿಕೆದಾರರ ಸಹಕಾರ ಸಂಘಗಳೇ ಇದರ ಸಹಜ ಗಿರಾಕಿಗಳು.

ತೆರಿಗೆಯ ಬಗ್ಗೆ ಒಂದು ಎಚ್ಚರಿಕೆ. ಆಹಾರ, ನಾರು ಮುಂತಾದವುಗಳಿಗಾಗಿ ಪ್ರಾಣಿಗಳನ್ನು ಸಾಕುವುದಕ್ಕೆ ನೇರ ಸಂಬಂಧಿಸಿದ ಸೇವೆಗಳಿಗೆ 2017ರ ಜೂನ್ 28ರ ಕೇಂದ್ರ ತೆರಿಗೆ (ದರ) ಅಧಿಸೂಚನೆ ಸಂಖ್ಯೆ 12/2017ರಲ್ಲಿ ಜಿಎಸ್‌ಟಿ ವಿನಾಯಿತಿ ಇದೆ. ವಿನಾಯಿತಿ ಎಂದೊಡನೆ ಸಂತೋಷಪಡುವವರು ಅದರ ಮತ್ತೊಂದು ಮುಖವನ್ನು ಮರೆಯುತ್ತಾರೆ: ವಿನಾಯಿತಿ ಪಡೆದ ಸೇವೆಗೆ ಬಳಸುವ ಯಂತ್ರ, ಪಂಪು, ಟ್ರೇಲರ್‌ಗಳ ಮೇಲೆ ತೆತ್ತ ತೆರಿಗೆಯನ್ನು ಹುಟ್ಟುವಳಿ ತೆರಿಗೆಗೆ ಹೊಂದಿಸಿಕೊಳ್ಳಲು ಬರುವುದಿಲ್ಲ. ಅದು ಪೂರ್ತಿಯಾಗಿ ಬಂಡವಾಳ ವೆಚ್ಚಕ್ಕೆ ಸೇರಿ, ಸವಕಳಿಯ ಮೂಲಕ ಮಾತ್ರ ಕರಗಬೇಕು. ಯಂತ್ರ ತಯಾರಿಸಿ ಮಾರುವವನಿಗೆ ಈ ತೊಡಕಿಲ್ಲ. ಒಂದೇ ಸಂಸ್ಥೆಯ ಹೆಸರಿನಲ್ಲಿ ತಯಾರಿಕೆ ಹಾಗೂ ಸೇವೆ ಎರಡನ್ನೂ ನಡೆಸುವವರು ಎರಡಕ್ಕೂ ಬಳಸಿದ ಸಾಮಗ್ರಿಯ ಲೆಕ್ಕವನ್ನು ಮೊದಲ ದಿನದಿಂದಲೇ ಬೇರೆಬೇರೆ ಖಾತೆಗಳಲ್ಲಿ ಇಡಬೇಕಾಗುತ್ತದೆ.